ಸುಣ್ಣದ ಡಬ್ಬಿಯಲ್ಲಿದ್ದ ಹಳ್ಳ

ಮೊನ್ನೆ ರೇಷನ್ ಕಾರ್ಡು ಹುಡುಕುತ್ತಾ ಮೇಜಿನ ಕೆಳಗಿನ ಖಾನೆಗೆ ಕೈ ಹಾಕಿದೆ. ಕಾರ್ಡು ಸಿಗಲಿಲ್ಲ. ಹೆಬ್ಬೆರಳಿನಷ್ಟು ಉದ್ದದ, ಕಪ್ಪು ಮೈಯ, ಬೂದು ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಒಣಗಿದ ಹೆಂಟೆಯೊಂದು ಟಕಟಕ ಅಂದಿತು. ಮುಚ್ಚಳ ತೆಗೆದು ನೋಡುವ ಅಗತ್ಯವಿರಲಿಲ್ಲ. ಅದು ಸುಣ್ಣ ಎಂದು ನನಗೆ ಗೊತ್ತು. ನನ್ನ ಸುಣ್ಣವಲ್ಲ ಎಂದೂ ಗೊತ್ತು, ಏಕೆಂದರೆ ನಾನು ಎಲೆಅಡಿಕೆ ಹಾಕುವವನಲ್ಲ.

ನಿಮಗೂ ಈ ಡಬ್ಬಿಯ ಪರಿಚಯ ಇರಬೇಕು. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ರೀಲಿನ ಜೊತೆ ಒಂದೊಂದು ಬರುತ್ತಿತ್ತು. ರೀಲು ಸ್ಟುಡಿಯೋದವರ ಪಾಲು, ಡಬ್ಬಿ ಊರಿನವರ ಪಾಲು. ನಮ್ಮ ಕಳಸ, ಸಂಸೆ ಕಡೆ ಅದನ್ನು ಖಾಲಿ ಬಿಟ್ಟವರನ್ನು ನಾನು ನೋಡಿಲ್ಲ. ತೋಟದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಮುಟ್ಟಿಸಲು ಉಪ್ಪು, ಹಿರಿಯರ ನಶ್ಯ, ಓಲೆಯಿಂದ ಕಳಚಿದ ತಿರುಪು, ಮುಂದಿನ ವರ್ಷಕ್ಕೆ ಎತ್ತಿಟ್ಟ ಸೂಜಿಮೆಣಸಿನ ಬೀಜ, ಎಲ್ಲಕ್ಕೂ ಅದೇ. ನಮ್ಮ ಮನೆಯಲ್ಲೇ ಒಂದರಲ್ಲಿ ಮಗಳ ಮೊದಲು ಬಿದ್ದ ಹಲ್ಲು ಇದೆ. ನೀರು ಹೋಗದ, ಇರುವೆ ಹೋಗದ, ಸೊಂಟಕ್ಕೆ ಸಿಕ್ಕಿಸಿದರೆ ಭಾರ ಗೊತ್ತಾಗದ ಅಂಥ ವಸ್ತು ಬೇರೆ ಇರಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದಾಗ ನಮ್ಮ ಕಡೆಯವರು ಮೊದಲು ಕೇಳಿದ್ದು "ಅದ್ರ ಡಬ್ಬಿ ಹೇಗಿರ್ತದೆ?" ಎಂದು. ಡಬ್ಬಿಯೇ ಇಲ್ಲವೆಂದು ಗೊತ್ತಾದಾಗ ಆ ಕ್ಯಾಮೆರಾದ ಮೇಲಿದ್ದ ಗೌರವ ಅರ್ಧ ಇಳಿಯಿತು.

ನಾನು ಆಗ ಸಂಸೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬಯಲುಸೀಮೆಯವರು ತಪ್ಪು ತಿಳಿಯಬಾರದು. ನಮ್ಮಲ್ಲಿ ರೈಟರ್ ಎಂದರೆ ಕತೆ ಬರೆಯುವವನಲ್ಲ. ಬೆಳಿಗ್ಗೆ ಏಳೂವರೆಗೆ ಮಸ್ಟರ್ ಶೆಡ್ಡಿನಲ್ಲಿ ಕುಳಿತು ಕೆಲಸಕ್ಕೆ ಬಂದವರ ಹಾಜರಿ ಬರೆಯುವವನು. ಬಂದವರಿಗೆ ಒಂದು ಗೆರೆ, ಬಾರದವರಿಗೆ ಒಂದು ಸೊನ್ನೆ. ಕಂಡದ್ದನ್ನು ಮಾತ್ರ ಬರೆಯಬೇಕು, ಕಂಡ ಹೊತ್ತಿನಲ್ಲೇ ಬರೆಯಬೇಕು ಎಂಬ ಅಭ್ಯಾಸ ನನಗೆ ಅಲ್ಲಿಂದ ಬಂದದ್ದು. ಇವತ್ತಿಗೂ ಹೆಂಡತಿ ಸುಮಿತ್ರ "ಸಾರು ಹೇಗಿದೆ?" ಎಂದರೆ ಎರಡು ತುತ್ತು ಉಂಡ ಮೇಲೆಯೇ ನಾನು ಉತ್ತರ ಕೊಡುವುದು. ಆ ಎರಡು ತುತ್ತಿನಷ್ಟು ಹೊತ್ತು ಅವಳು ಸೌಟು ಹಿಡಿದು ನನ್ನನ್ನೇ ನೋಡುತ್ತಿರುತ್ತಾಳೆ.

ಕ್ಯಾಮೆರಾ ನನಗೆ ಬಂದದ್ದೂ ಈ ಅಕ್ಷರದಿಂದಲೇ. ತೊಂಬತ್ತರ ದಶಕದ ಕೊನೆಯಲ್ಲಿ ಎಸ್ಟೇಟಿನ ಯಜಮಾನರು ಹೊಸ ಕ್ಯಾಮೆರಾ ಕೊಂಡರು. ಹಳೆಯದು, ಎರಡು ಕೈಯಲ್ಲಿ ಹಿಡಿಯಬೇಕಾದ ಕಬ್ಬಿಣದಂಥ ಯಂತ್ರ. ಅದನ್ನು ನನ್ನ ಮೇಜಿನ ಮೇಲಿಟ್ಟು, "ರೈಟ್ರೇ, ಇದನ್ನ ನೀವು ಇಟ್ಕೊಳ್ಳಿ. ನಿಮ್ಮ ಹಾಜರಿ ಪುಸ್ತಕ ನೋಡ್ತೇನಲ್ಲ, ನಿಮ್ಮ ಕೈ ನಡುಗಲ್ಲ" ಅಂದರು. ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಅದುವರೆಗೆ ಸಿಕ್ಕಿರಲಿಲ್ಲ. ಕೈ ನಡುಗದವನು ಎಂಬ ಹೆಮ್ಮೆಯಲ್ಲೇ ಮುಂದಿನ ಒಂದು ತಿಂಗಳು ಓಡಾಡಿದೆ. ಫೋಟೋ ಮಾತ್ರ ಒಂದೂ ತೆಗೆದಿರಲಿಲ್ಲ.

ಮೊದಲನೆಯ ರೀಲು ಹಾಕಿದ್ದು ಗೋಣಿಬೀಡಿನ ನನ್ನ ಮಾವನ ಮನೆಯಲ್ಲಿ, ಸುಮಿತ್ರಳ ತಮ್ಮ ಪ್ರಸನ್ನನ ನಿಶ್ಚಿತಾರ್ಥಕ್ಕೆ. "ಫೋಟೋಗ್ರಾಫರ್ ಯಾಕೆ, ಭಾವ ಇದ್ದಾರಲ್ಲ" ಎಂದು ಅವನೇ ಎಲ್ಲರಿಗೂ ಹೇಳಿದ್ದ. ನಾನು ಮೈಸೂರು ಪೇಟ ಇಟ್ಟ ಹಿರಿಯರನ್ನು ತೆಗೆದೆ, ತಟ್ಟೆ ಬದಲಿಸುವುದನ್ನು ತೆಗೆದೆ, ನಾಚಿಕೊಂಡ ಹುಡುಗಿಯನ್ನು ಮೂರು ಕೋನದಿಂದ ತೆಗೆದೆ. ಮೂವತ್ತಾರು ಚಿತ್ರದ ರೀಲು. ಎಣಿಕೆಯ ಮುಳ್ಳು ಮೂವತ್ತಾರು ದಾಟಿ ಮೂವತ್ತೇಳು, ಮೂವತ್ತೆಂಟಕ್ಕೆ ಹೋಯಿತು. ನಲವತ್ತೊಂದಾದಾಗ ನಾನು ಪಕ್ಕದಲ್ಲಿದ್ದವರಿಗೆ, "ಹಳೇ ಕಾಲದ ಕ್ಯಾಮೆರಾ ನೋಡಿ, ಧಾರಾಳ" ಅಂದೆ.

ಕಳಸದಲ್ಲಿ ಶ್ರೀಧರಣ್ಣನ ಸ್ಟುಡಿಯೋ. ಐವತ್ತು ದಾಟಿದ, ಯಾವಾಗಲೂ ಬೆರಳು ಒರೆಸಿಕೊಳ್ಳುತ್ತಲೇ ಇರುವ ಮನುಷ್ಯ. ಅವರು ತೊಳೆದ ರೀಲನ್ನು ತಂದು ನನ್ನ ಮುಂದೆ ತೋರಣದ ಹಾಗೆ ಹಿಡಿದರು. ಉದ್ದಕ್ಕೂ ಖಾಲಿ.

"ಮಾರಾಯ್ರೆ, ಇದಕ್ಕೆ ಬೆಳಕೇ ಬಿದ್ದಿಲ್ಲ. ರೀಲಿನ ತುದಿಯ ನಾಲಿಗೆ ಕ್ಯಾಮೆರಾ ಒಳಗಿನ ಹಲ್ಲಿಗೆ ಕಚ್ಚಿಲ್ಲ. ರೀಲು ಕೂತಲ್ಲೇ ಕೂತಿದೆ, ನೀವೇ ಸುಮ್ಮನೆ ಟಕ್ ಟಕ್ ಅನ್ನಿಸಿದ್ದು."

"ಮತ್ತೆ ನಲವತ್ತೊಂದು ಬಂತಲ್ಲ?"

"ಏನೂ ಇಲ್ಲದಿದ್ರೆ ನಾನೂರೂ ಬರ್ತದೆ."

ಆಮೇಲೆ ಅವರು ನನಗೆ ಹೇಳಿಕೊಟ್ಟ ಒಂದೇ ಪಾಠವನ್ನು ನಿಮಗೂ ಹೇಳುತ್ತೇನೆ. ಬಲಗೈಯಲ್ಲಿ ಲಿವರ್ ಎಳೆದಾಗ ಎಡಗಡೆ ಮೂಲೆಯ ಪುಟ್ಟ ಗುಂಡಿಯನ್ನು ನೋಡಬೇಕು. ಅದು ತಿರುಗಿದರೆ ರೀಲು ಓಡುತ್ತಿದೆ. ತಿರುಗದಿದ್ದರೆ ನೀವು ಗಾಳಿಯ ಫೋಟೋ ತೆಗೆಯುತ್ತಿದ್ದೀರಿ. ಅಂದಿನಿಂದ ನಾನು ಎದುರಿಗಿದ್ದವರ ಮುಖ ನೋಡುವುದಕ್ಕಿಂತ ಹೆಚ್ಚು ಆ ಗುಂಡಿಯನ್ನು ನೋಡಿದ್ದೇನೆ.

ಪ್ರಸನ್ನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಕನ್ನಡದಲ್ಲಿ ಸುಳ್ಳು ಹೇಳುವುದಕ್ಕೆ ರೀಲು ಬಿಡುವುದು ಎಂಬ ಮಾತಿದೆಯಲ್ಲ, ಅದು ಅವನ ನಾಲಿಗೆಗೆ ಸಿಕ್ಕಿಬಿಟ್ಟಿತು. ಮದುವೆ, ಮುಂಜಿ, ತಿಥಿ, ಎಲ್ಲಿ ಹೋದರೂ "ನಮ್ಮ ಭಾವ ರೀಲ್ ಬಿಡೋದ್ರಲ್ಲಿ ಎತ್ತಿದ ಕೈ" ಎಂದು ಪರಿಚಯಿಸುತ್ತಿದ್ದ. ಅವನ ನಿಶ್ಚಿತಾರ್ಥದ ಒಂದು ಫೋಟೋವೂ ಈ ಜಗತ್ತಿನಲ್ಲಿ ಇಲ್ಲ. ನಾನು ನಗುತ್ತಿದ್ದೆ. ಬೇರೆ ಏನು ಮಾಡಲಿ?

ಕೆಲವು ವರ್ಷಗಳ ನಂತರ, ಆಲ್ದೂರಿನಲ್ಲಿ ಟಿವಿ, ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅದೇ ಪ್ರಸನ್ನ ಒಂದು ಡಿಜಿಟಲ್ ಕ್ಯಾಮೆರಾ ತಂದು ನನ್ನ ಕೈಯಲ್ಲಿಟ್ಟ. ಸೋಪಿನ ಪೆಟ್ಟಿಗೆಯಷ್ಟಿತ್ತು.

"ಭಾವ, ಇನ್ನೂ ಎಷ್ಟು ದಿನ ಆ ಒನಕೆ ಹೊತ್ಕೊಂಡು ತಿರುಗ್ತೀರಿ? ಇದ್ರಲ್ಲಿ ತೆಗೆದ ತಕ್ಷಣ ನೋಡ್ಬಹುದು. ಚೆನ್ನಾಗಿಲ್ವಾ, ಅಳಿಸಿ. ನಿಮ್ಮಂಥವರಿಗೆ ಅಂತಲೇ ಮಾಡಿದ್ದು."

ನ್ಯಾಯವಾಗಿ ಹೇಳುತ್ತೇನೆ, ಅವನ ಮಾತು ಸರಿಯಿತ್ತು. ಕಲಿಯುವವನಿಗೆ ತಪ್ಪು ಆಗಲೇ ಕಾಣುವುದು ದೊಡ್ಡ ಉಪಕಾರ. ರೀಲಿನಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಮಾಡಿದ್ದು ಮರೆತುಹೋಗಿರುತ್ತದೆ. ನನ್ನ ಒಂದು ರೀಲು ದೀಪಾವಳಿಗೆ ಶುರುವಾಗಿ ಯುಗಾದಿಗೆ ಮುಗಿಯುತ್ತಿತ್ತು. ಅದಕ್ಕೇ ನಾನು ಒಂದು ನೋಟುಬುಕ್ಕಿನಲ್ಲಿ ಪ್ರತಿ ಚಿತ್ರಕ್ಕೂ ಹಾಜರಿ ಹಾಕುತ್ತಿದ್ದೆ: ಎಷ್ಟನೆಯದು, ಯಾರು, ಎಷ್ಟು ಗಂಟೆ, ಮೋಡವೋ ಬಿಸಿಲೋ. ಡಿಜಿಟಲ್‌ನಲ್ಲಿ ಇದ್ಯಾವುದೂ ಬೇಡ. ಮೊದಲನೆಯ ದಿನವೇ ನಮ್ಮ ನಾಯಿಯ ಎಪ್ಪತ್ತು ಫೋಟೋ ತೆಗೆದೆ. ಎಲ್ಲದರಲ್ಲೂ ನಾಯಿ ಒಂದೇ ಥರ ಇತ್ತು. ಎಪ್ಪತ್ತನ್ನೂ ನೋಡಿ ಎಪ್ಪತ್ತನ್ನೂ ಅಳಿಸಿದೆ. ನಾಯಿ ಮಾತ್ರ ಉಳಿಯಿತು.

ಹಾಗಾಗಿ ಒಂದು ವರ್ಷ ನಾನು ಎರಡೂ ಇಟ್ಟುಕೊಂಡು ಯಾವುದನ್ನು ಹಿಡಿಯಲಿ ಎಂದು ತೂಗುತ್ತಾ ಕುಳಿತೆ. ಎರಡೂ ಮಲಗುತ್ತಿದ್ದದ್ದು ಅಕ್ಕಿ ಡಬ್ಬಿಯಲ್ಲಿ. ನಮ್ಮ ಥಂಡಿಗೆ ಗಾಜಿನ ಮೇಲೂ ಬೂಷ್ಟು ಹಿಡಿಯುತ್ತದೆ. ಅಕ್ಕಿಯೊಳಗೆ ಹುಗಿದಿಟ್ಟರೆ ಬರುವುದಿಲ್ಲ ಎಂದು ಹೇಳಿಕೊಟ್ಟದ್ದು ಗಿರಿಜಕ್ಕ. ಸುಮಿತ್ರ ಅನ್ನಕ್ಕೆ ಅಕ್ಕಿ ಅಳೆಯುವಾಗ ಪಾವಿಗೆ ಕ್ಯಾಮೆರಾದ ಪಟ್ಟಿ ಸಿಕ್ಕಿಕೊಳ್ಳುತ್ತಿತ್ತು.

ಗಿರಿಜಕ್ಕ ನಮ್ಮ ಎಸ್ಟೇಟಿನ ಅತ್ಯಂತ ಹಳೆಯ ಕೆಲಸದವರು. ಅರವತ್ತರ ಹತ್ತಿರದ ವಯಸ್ಸು. ನಾನು ಕೊಟ್ಟ ರೀಲಿನ ಡಬ್ಬಿಯಲ್ಲಿ ಸುಣ್ಣ ತುಂಬಿ ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರ ಮನೆ ಇದ್ದದ್ದು ಹಳ್ಳದಾಚೆ. ಹಳ್ಳದಾಚೆ ಎಂಬುದೇ ಆ ಜಾಗದ ಹೆಸರು, ಹನ್ನೊಂದು ಮನೆ. ಎಸ್ಟೇಟು, ಶಾಲೆ, ಬಸ್ಸು ಎಲ್ಲ ಈಚೆ. ನಡುವೆ ಎರಡು ಮರದ ದಿಮ್ಮಿ ಹಾಸಿ, ಕೈಗೆ ಒಂದು ಹಗ್ಗ ಕಟ್ಟಿದ ಸಂಕ. ಸಂಕ ಇದ್ದರೆ ಹತ್ತು ನಿಮಿಷದ ದಾರಿ. ಇಲ್ಲದಿದ್ದರೆ ರಸ್ತೆಯಲ್ಲಿ ಸುತ್ತಿ ಏಳು ಕಿಲೋಮೀಟರು. ಜುಲೈ, ಆಗಸ್ಟಿನಲ್ಲಿ ನನ್ನ ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ಮನೆಯವರ ಎದುರಿಗೆ ಸೊನ್ನೆಗಳು ಸಾಲಾಗಿ ನಿಲ್ಲುತ್ತಿದ್ದವು. ಆ ಸೊನ್ನೆಗಳನ್ನು ಬರೆಯುತ್ತಿದ್ದವನು ನಾನೇ ಆದ್ದರಿಂದ, ಕಿರುಸೇತುವೆಗೆ ಅರ್ಜಿ ಬರೆದುಕೊಡುವ ಕೆಲಸವೂ ನನ್ನ ಮೇಲೆಯೇ ಬಿತ್ತು.

ಅರ್ಜಿ ಕೊಟ್ಟದ್ದಕ್ಕೆ ಇಂಜಿನಿಯರ್ ಸಾಹೇಬರು ಬಂದರು. ಬಂದದ್ದು ಮಾರ್ಚಿನಲ್ಲಿ. ಹಳ್ಳ ಆಗ ಕಲ್ಲುಗಳ ನಡುವೆ ಎಲ್ಲೋ ಗುಣುಗುಟ್ಟುತ್ತಿತ್ತು. ಸಾಹೇಬರು ನಡುಹಳ್ಳದ ಒಂದು ಬಂಡೆಯ ಮೇಲೆ ನಿಂತು, ಬೂಟಿನ ದೂಳು ಒರೆಸಿಕೊಂಡು, "ಇದಕ್ಕೆ ಸೇತುವೆ ಯಾಕ್ರೀ? ಎಮ್ಮೆ ಮಲಗಿದ್ರೆ ಬೆನ್ನು ನೆನೆಯಲ್ಲ" ಅಂದರು.

"ಮಳೆಗಾಲದಲ್ಲಿ ನೀವು ನಿಂತಿರೋ ಬಂಡೆ ಕಾಣಲ್ಲ ಸರ್. ಸಂಕದ ಮೇಲೇ ನೀರು ಹೋಗುತ್ತೆ" ಅಂದೆ.

ಸಾಹೇಬರು ಬಂಡೆ ನೋಡಿದರು, ತಲೆಯ ಮೇಲಿದ್ದ ಸಂಕ ನೋಡಿದರು, ನನ್ನನ್ನು ನೋಡಿದರು. "ರೀಲ್ ಬಿಡಬೇಡ್ರಿ" ಅಂದರು. ಕೆಟ್ಟ ಮನುಷ್ಯರಲ್ಲ. ಜೀಪು ಹತ್ತುವಾಗ, "ಮಳೆಗಾಲದ ಫೋಟೋ ಇದ್ರೆ ತನ್ನಿ, ನೋಡೋಣ" ಎಂದೂ ಹೇಳಿದರು.

ಈಗ ಯಾವ ಕ್ಯಾಮೆರಾ ಎಂಬ ಪ್ರಶ್ನೆ ನಿಜವಾಗಿ ಎದುರಿಗೆ ಬಂತು. ನಾಯಿಯ ಎಪ್ಪತ್ತು ಫೋಟೋದ ಮಾತು ಬೇರೆ. ನಾನು ಡಿಜಿಟಲ್ ಆರಿಸಿಕೊಂಡೆ. ನಲವತ್ತೊಂದು ಖಾಲಿ ಚಿತ್ರ ತೆಗೆದವನಿಗೆ ಮತ್ತೇನು ಧೈರ್ಯವಿರುತ್ತದೆ? ಜುಲೈಯಲ್ಲಿ ಹಳ್ಳ ತುಂಬಿ ಸಂಕದ ಮೇಲೆ ಹರಿಯುವಾಗ ಹನ್ನೆರಡು ಚಿತ್ರ ತೆಗೆದೆ, ಅಲ್ಲೇ ನೋಡಿದೆ, ಎಲ್ಲವೂ ಸರಿಯಾಗಿದ್ದವು. ಪ್ರಸನ್ನ ತನ್ನ ಅಂಗಡಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಕೊಟ್ಟ. ಆಗಸ್ಟಿನಲ್ಲಿ ಕಚೇರಿಗೆ ಹೋಗಿ ಸಾಹೇಬರ ಮುಂದೆ ಇಟ್ಟೆ.

ಅವರು ಚಿತ್ರದ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಕೆಂಪು ಅಂಕಿಯಲ್ಲಿ ತಾರೀಖು ಬಿದ್ದಿತ್ತು: ಜನವರಿ ಒಂದು, ಎರಡು ಸಾವಿರ.

"ಹೊಸ ವರ್ಷದ ದಿನ ನಿಮ್ಮೂರಲ್ಲಿ ಪ್ರವಾಹ ಬಂದಿತ್ತಾ?"

ಸೆಲ್ಲು ತೆಗೆದು ಹಾಕಿದಾಗಲೆಲ್ಲ ಆ ಕ್ಯಾಮೆರಾದ ತಾರೀಖು ಮೊದಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪರದೆಯಲ್ಲಿ ನೀರು ನೋಡಿದ್ದೆ, ಸಂಕ ನೋಡಿದ್ದೆ, ಮೂಲೆ ನೋಡಿರಲಿಲ್ಲ. ಪಕ್ಕದ ಮೇಜಿನವರೂ ಎದ್ದು ಬಂದು ನೋಡಿ ನಕ್ಕರು.

"ಕಂಪ್ಯೂಟರಲ್ಲಿ ಈಗ ಏನು ಬೇಕಾದ್ರೂ ಮಾಡ್ತಾರೆ ರೀ" ಎಂದು ಸಾಹೇಬರು ಚಿತ್ರ ಹಿಂದಕ್ಕೆ ಸರಿಸಿದರು. "ಮೊನ್ನೆ ಒಬ್ರು ಬಾವಿ ಕುಸಿದಿದೆ ಅಂತ ಫೋಟೋ ತಂದಿದ್ರು, ಬಾವಿ ಹಿಂದೆ ಹಿಮಾಲಯ ಇತ್ತು. ನೆಗೆಟಿವ್ ಇದೆಯಾ? ಮೇಲಿನವರು ನೆಗೆಟಿವ್ ಕೇಳ್ತಾರೆ. ತಿಂಗಳ ಕೊನೆಗೆ ಪಟ್ಟಿ ಹೋಗುತ್ತೆ. ಅಷ್ಟರೊಳಗೆ ತನ್ನಿ. ಇಲ್ಲದಿದ್ರೆ ನಿಮ್ಮ ಹಳ್ಳ ಮತ್ತೆ ಯಾವಾಗ ಪಟ್ಟಿಗೆ ಬರುತ್ತೋ ನಾನು ಹೇಳಕ್ಕಾಗಲ್ಲ."

ತಿಂಗಳ ಕೊನೆಗೆ ಒಂಬತ್ತು ದಿನ ಇತ್ತು. ಮನೆಗೆ ಬಂದು ಅಕ್ಕಿ ಡಬ್ಬಿಗೆ ಕೈ ಹಾಕಿ ಒನಕೆಯನ್ನು ಹೊರಗೆಳೆದೆ.

ಕಲರ್ ರೀಲು ತೊಳೆಯಲು ಚಿಕ್ಕಮಗಳೂರಿಗೆ ಹೋಗಿ ಬರಬೇಕು. ಕಪ್ಪು-ಬಿಳುಪು ಆದರೆ ಶ್ರೀಧರಣ್ಣ ಕಳಸದಲ್ಲೇ ಕೈಯಾರೆ ತೊಳೆಯುತ್ತಿದ್ದರು. ಅವರ ಬಳಿ ಒಂದೇ ಒಂದು ರೀಲು ಉಳಿದಿತ್ತು. ಅದನ್ನು ಕೊಡುವಾಗ ಕೇಳಿದರು: "ಹರಿಯೋ ನೀರು ನಿಮಗೆ ಹೇಗೆ ಬರಬೇಕು? ನಿಧಾನಕ್ಕೆ ತೆಗೆದ್ರೆ ಹಾಲು ಚೆಲ್ಲಿದ ಹಾಗೆ ಚಂದ ಬರ್ತದೆ. ಚಂದ ಬಂದ್ರೆ ಸಾಹೇಬ್ರು ಸೇತುವೆ ಕೊಡಲ್ಲ ಮಾರಾಯ್ರೆ. ಬೇಗ ತೆಗೀರಿ. ನೀರಿನ ಹಲ್ಲು ಕಾಣಬೇಕು."

ಮೂರು ದಿನ ಕಾದೆ. ನಾಲ್ಕನೆಯ ಬೆಳಿಗ್ಗೆ ಮಳೆ ಹನಿಗೆ ಇಳಿದಿತ್ತು, ಹಳ್ಳ ತುಂಬಿತ್ತು. ಏಳು ಇಪ್ಪತ್ತಕ್ಕೆ ಹಳ್ಳದ ಈಚೆ ದಡದಲ್ಲಿ, ಸಂಕದಿಂದ ಇಪ್ಪತ್ತು ಹೆಜ್ಜೆ ದೂರದ ದಿಣ್ಣೆಯ ಮೇಲೆ ನಿಂತೆ. ಲಿವರ್ ಎಳೆದೆ. ಎಡಗಡೆಯ ಗುಂಡಿ ತಿರುಗಿತು. ಇನ್ನೊಮ್ಮೆ ಎಳೆದೆ. ಇನ್ನೊಮ್ಮೆ ತಿರುಗಿತು. ಜನರಿಲ್ಲದ ಸಂಕ, ತುಂಬಿದ ಹಳ್ಳದ ಇಪ್ಪತ್ತೊಂದು ಚಿತ್ರ ಆಗುವಾಗ ಹಳ್ಳದಾಚೆಯವರು ಕೆಲಸಕ್ಕೆ ಬಂದರು. ಆರು ಹೆಂಗಸರು. ನೀರು ದಿಮ್ಮಿಗಳ ಮೇಲೆ ಒಂದು ಗೇಣು ಹರಿಯುತ್ತಿತ್ತು. ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ದಾಟತೊಡಗಿದರು. ಗಿರಿಜಕ್ಕ ಯಾವಾಗಲೂ ಕೊನೆಯವರು. ಚಿಕ್ಕವರನ್ನೆಲ್ಲ ಮುಂದೆ ಕಳಿಸಿ ತಾವು ಹಿಂದೆ ಬರುತ್ತಿದ್ದರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೆ, ಆದ್ದರಿಂದ ಕಂಡಷ್ಟೇ ಹೇಳುತ್ತೇನೆ. ಮೇಲಿನಿಂದ ಒಂದು ಕೊಂಬೆ ತೇಲಿ ಬಂದು ದಿಮ್ಮಿಗೆ ಬಡಿಯಿತು. ದಿಮ್ಮಿ ಮಗ್ಗುಲು ತಿರುಗಿತು. ಐದು ಜನ ದಡ ಮುಟ್ಟಿದ್ದರು. ಗಿರಿಜಕ್ಕನಿಗೆ ಇನ್ನು ಮೂರು ಹೆಜ್ಜೆ ಬಾಕಿ. ಅವರು ಸೊಂಟದವರೆಗೆ ನೀರಿಗೆ ಇಳಿದರು. ಎರಡೂ ಕೈ ಹಗ್ಗದ ಮೇಲಿತ್ತು. ಕೂಗಲಿಲ್ಲ. ದಡದಲ್ಲಿದ್ದ ಹೆಂಗಸು ತಿರುಗಿ ಅವರ ರಟ್ಟೆ ಹಿಡಿದಳು, ಅವಳನ್ನು ಇನ್ನೊಬ್ಬಳು ಹಿಡಿದಳು, ಮೇಲಕ್ಕೆ ಎಳೆದರು. ಒಂದರಿಂದ ಐದು ಎಣಿಸುವಷ್ಟು ಹೊತ್ತು. ನಾನು ಓಡಿ ಹೋಗುವಾಗ ಅವರು ದಡದ ಮೇಲೆ ಕುಳಿತಿದ್ದರು. ಆ ಐದು ಎಣಿಕೆಯಲ್ಲಿ ನನ್ನ ಬೆರಳು ಎರಡು ಸಲ ಒತ್ತಿದೆ. ಒತ್ತಿದ್ದು ನನಗೆ ಆಗ ಗೊತ್ತಿರಲಿಲ್ಲ. ಕ್ಯಾಮೆರಾ ನೋಡಿದಾಗ ಮುಳ್ಳು ಇಪ್ಪತ್ತಮೂರರ ಮೇಲಿತ್ತು.

ಅವರನ್ನು ಮಸ್ಟರ್ ಶೆಡ್ಡಿಗೆ ಕರೆದುಕೊಂಡು ಬಂದೆವು. ಯಾರೋ ಒಣ ಕಂಬಳಿ ತಂದರು, ಯಾರೋ ಕಾಫಿ ತಂದರು. ನಾನು ಬೆಂಚಿನ ಮೇಲೆ ಕುಳಿತು ರೀಲು ಹಿಂದಕ್ಕೆ ಸುತ್ತಿದೆ, ಡಬ್ಬಿಗೆ ಹಾಕಿ ಪಕ್ಕದಲ್ಲಿಟ್ಟೆ. ಅಷ್ಟೇ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೋ. ಕೈ ನಡುಗದವನು ಎಂದು ಯಜಮಾನರು ಹೇಳಿದ್ದ ಆ ಎರಡೂ ಕೈ ಮುಚ್ಚಳ ಹಾಕಲಾರದೆ ಒದ್ದಾಡಿದವು.

"ಬಿದ್ದದ್ದು ನಾನು, ನಡುಗೋದು ನೀವು" ಅಂದರು ಗಿರಿಜಕ್ಕ. "ಫೋಟೋ ಬಂತಾ ರೈಟ್ರೇ?"

"ಗೊತ್ತಿಲ್ಲ ಗಿರಿಜಕ್ಕ. ತೊಳೆದ ಮೇಲೇ ಗೊತ್ತಾಗೋದು. ಬೆಳಕು ತಾಗಿದ್ರೆ ಸತ್ತೇ ಹೋಗುತ್ತೆ."

"ಬರ್ಲೇಬೇಕು ನೋಡಿ. ಇನ್ನೊಂದ್ಸಲ ಬೀಳೋಕೆ ನನ್ನಿಂದ ಆಗಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಗಲೇ ಅವರು ನನ್ನ ಕಾಲಿನಲ್ಲಿ ರಕ್ತ ನೋಡಿದರು. ದಿಣ್ಣೆಯ ಮೇಲೆ ನಿಂತಿದ್ದಾಗ ಎರಡು ಇಂಬಳ ಹತ್ತಿ ಉಬ್ಬಿ ಕುಳಿತಿದ್ದವು. ಸಂಚಿಯಿಂದ ತಮ್ಮ ಡಬ್ಬಿ ತೆಗೆದರು. ಹಳ್ಳದಲ್ಲಿ ಮುಳುಗಿ ಎದ್ದ ಆ ಡಬ್ಬಿಯೊಳಗೆ ಒಂದು ಹನಿ ನೀರು ಹೋಗಿರಲಿಲ್ಲ. ಸುಣ್ಣ ಮುಟ್ಟಿಸಿದರು, ಇಂಬಳ ಉದುರಿದವು. ಡಬ್ಬಿ ಮುಚ್ಚಿ ಬೆಂಚಿನ ಮೇಲಿಟ್ಟರು. ಈಗ ನಿಮಗೆ ಅರ್ಥವಾಗಿರಬೇಕು. ನನಗೆ ಅರ್ಥವಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಕಳಸದಲ್ಲಿ.

ಶ್ರೀಧರಣ್ಣ ಹೆಬ್ಬೆರಳಿನಿಂದ ಮುಚ್ಚಳ ಎತ್ತಿದರು. ಒಳಗೆ ನೋಡಿದರು. ತೋರುಬೆರಳು ಹಾಕಿ ತೆಗೆದರು. ಬೆರಳು ಬೆಳ್ಳಗಾಗಿತ್ತು.

"ಸುಣ್ಣ ತಂದಿದ್ದೀರಿ. ಎಲೆಅಡಿಕೆ ಎಲ್ಲಿ ಮಾರಾಯ್ರೆ?"

ಬೆಂಚಿನ ಮೇಲೆ ಪಕ್ಕಪಕ್ಕ ಇದ್ದ ಎರಡು ಡಬ್ಬಿಯಲ್ಲಿ ನಾನು ಎತ್ತಿಕೊಂಡು ಬಂದದ್ದು ಗಿರಿಜಕ್ಕನದು, ನನ್ನದು ಅವರ ಸಂಚಿಗೆ ಹೋಗಿತ್ತು. ಎಲೆ ಹಾಕುವವರು ಸುಣ್ಣದ ಡಬ್ಬಿಯನ್ನು ಕಣ್ಣಿಟ್ಟು ನೋಡುವುದಿಲ್ಲ. ಮಾತಾಡುತ್ತಲೇ ಮುಚ್ಚಳ ತೆಗೆದು ಬೆರಳು ಹಾಕುತ್ತಾರೆ. ನಾನು ರೀಲಿನ ನಾಲಿಗೆಯನ್ನು ಒಂದು ಅಂಗುಲ ಹೊರಗೆ ಬಿಟ್ಟಿದ್ದೆ, ಶ್ರೀಧರಣ್ಣನಿಗೆ ಸುಲಭವಾಗಲಿ ಎಂದು. ಅದನ್ನು ಹಿಡಿದು ಒಮ್ಮೆ ಎಳೆದರೆ ಸಾಕು. ಇದೇನಪ್ಪಾ ಎಂದು ಯಾರಾದರೂ ಎಳೆದೇ ಎಳೆಯುತ್ತಾರೆ. ಸಂಸೆಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಗಿರಿಜಕ್ಕ ಆ ರೀಲನ್ನು ಮೊಳಗಟ್ಟಲೆ ಎಳೆಯುತ್ತಲೇ ಇದ್ದರು.

ಶೆಡ್ಡಿನಲ್ಲಿ ಗಿರಿಜಕ್ಕ ಇರಲಿಲ್ಲ. ಮಧ್ಯಾಹ್ನವೇ ಎಸ್ಟೇಟ್ ಜೀಪಿನಲ್ಲಿ ಸುತ್ತುದಾರಿಯಿಂದ ಮನೆಗೆ ಬಿಟ್ಟುಬಂದಿದ್ದರು. ಜೀಪು ಪೇಟೆಗೆ ಹೋಗಿತ್ತು. ಬೆಳಿಗ್ಗೆ ಮಗುಚಿದ ಸಂಕವನ್ನು ಹಳ್ಳ ಕೊಚ್ಚಿಕೊಂಡು ಹೋಗಿತ್ತು. ಏಳು ಕಿಲೋಮೀಟರನ್ನು ನಾನು ಆವತ್ತು ಮೊದಲ ಸಲ ನಡೆದೆ. ಹಾಜರಿ ಪುಸ್ತಕದಲ್ಲಿ ಸೊನ್ನೆ ಬರೆಯುವುದಕ್ಕೆ ಅರೆಕ್ಷಣ ಸಾಕು; ಆ ಸೊನ್ನೆಯ ಸುತ್ತಳತೆ ಎಷ್ಟೆಂದು ಕಾಲಿಗೆ ಗೊತ್ತಾಯಿತು.

ಗಿರಿಜಕ್ಕ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಬಾಯಲ್ಲಿ ಎಲೆ ಇತ್ತು. ಎಲೆ ಹಾಕಿದ್ದಾರೆಂದರೆ ಡಬ್ಬಿ ತೆರೆದಿದ್ದಾರೆ ಎಂದೇ ಲೆಕ್ಕ.

"ಗಿರಿಜಕ್ಕ, ಸುಣ್ಣದ ಡಬ್ಬಿ..."

"ಬನ್ನಿ ರೈಟ್ರೇ, ಕೂತ್ಕೊಳ್ಳಿ. ಎಂತ ಓಡ್ಕೊಂಡು ಬಂದ್ರಾ?" ಎಂದು ಒಳಗೆ ಹೋದರು. ಒಂದು ಹಳೆಯ ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಅಕ್ಕಿ ಡಬ್ಬಿ. ಮೊಣಕೈವರೆಗೆ ಕೈ ಹಾಕಿ, ಅಕ್ಕಿಯ ತಳದಿಂದ ಕಪ್ಪು ಡಬ್ಬಿಯನ್ನು ಹೊರಗೆ ತೆಗೆದರು.

"ಎಲೆಗೆ ಸುಣ್ಣ ಹಚ್ಚೋಣ ಅಂತ ಮುಚ್ಚಳ ತೆಗೆದ್ರೆ ಇದು ನಾಲಿಗೆ ಚಾಚ್ಕೊಂಡು ಕೂತಿತ್ತು. ನೀವೇ ಹೇಳಿದ್ರಲ್ಲ, ಬೆಳಕು ತಾಗಿದ್ರೆ ಸತ್ತೋಗ್ತದೆ ಅಂತ. ಮುಟ್ಲೇ ಇಲ್ಲ. ಟಪ್ ಅಂತ ಮುಚ್ಚಿ ಕತ್ತಲೆಗೆ ಹಾಕ್ದೆ." ಆಮೇಲೆ ಮುಖ ಸಿಂಡರಿಸಿದರು. "ನಿಮ್ಮ ದೆಸೆಯಿಂದ ಪಕ್ಕದ ಮನೆಯವಳ ಸುಣ್ಣ ತಿಂದೆ. ಬಾಯೆಲ್ಲ ಬೆಂದುಹೋಗಿದೆ."

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಜಗಲಿಯಲ್ಲಿ ಒಂದು ಲೋಟ ಕಾಫಿ ಕುಡಿದೆ. ಅಷ್ಟು ಒಳ್ಳೆಯ ಕಾಫಿಯನ್ನು, ಕಾಫಿ ಬೆಳೆಯುವ ಊರಿನಲ್ಲಿದ್ದೂ, ಅದಕ್ಕಿಂತ ಮೊದಲು ಕುಡಿದಿರಲಿಲ್ಲ.

ಮಾರನೆಯ ದಿನ ಶ್ರೀಧರಣ್ಣ ನನ್ನನ್ನು ಕತ್ತಲೆಕೋಣೆಯ ಒಳಗೇ ಕರೆದರು. ಕೆಂಪು ದೀಪದ ಕೆಳಗೆ, ತಟ್ಟೆಯ ಮದ್ದುನೀರಿನಲ್ಲಿ ಬಿಳಿ ಕಾಗದ ಮುಳುಗಿತ್ತು. ಮೊದಲು ಹಗ್ಗ ಬಂತು, ಒಂದು ಗೆರೆಯ ಹಾಗೆ. ಆಮೇಲೆ ಎರಡು ಮುಷ್ಟಿ. ಆಮೇಲೆ ನೀರು, ಹಲ್ಲು ಹಲ್ಲಾಗಿ. ಕೊನೆಗೆ ಗಿರಿಜಕ್ಕನ ಮುಖ. ಮೊದಲನೆಯ ಚಿತ್ರ ನೇರವಾಗಿತ್ತು. ಎರಡನೆಯದು ನಡುಗಿತ್ತು, ಅದರಲ್ಲಿ ರಟ್ಟೆ ಹಿಡಿದ ಕೈ ಮಾತ್ರ ಸ್ಪಷ್ಟ. ಶ್ರೀಧರಣ್ಣ ತೊಳೆದಿದ್ದನ್ನೇ ಮತ್ತೊಮ್ಮೆ ತೊಳೆದರು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಕಚೇರಿಗೆ ಹೋದೆ. ಚಿತ್ರಗಳ ಜೊತೆ ನೆಗೆಟಿವ್‌ನ ಪಟ್ಟಿಯನ್ನೂ, ಗಂಟೆ, ಮೋಡ, ಎಣಿಕೆ ಬರೆದ ನೋಟುಬುಕ್ಕನ್ನೂ ಮೇಜಿನ ಮೇಲಿಟ್ಟೆ. ಸಾಹೇಬರು ಚಿತ್ರ ಮುಟ್ಟಲಿಲ್ಲ. ನೆಗೆಟಿವ್ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದರು. ಅದರಲ್ಲಿ ನೊರೆ ಕಪ್ಪಗಿತ್ತು, ಕಾಡು ಬೆಳ್ಳಗಿತ್ತು. ಒಂದೊಂದೇ ಚಿತ್ರ ದಾಟಿಸುತ್ತಾ ನೋಡಿದರು. ಇಪ್ಪತ್ತೆರಡರಲ್ಲಿ ನಿಂತರು. ಅವರು ಮಾರ್ಚಿನಲ್ಲಿ ನಿಂತಿದ್ದ ಬಂಡೆ ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

"ಈ ಹೆಂಗಸು..." ಎಂದು ಸಾಹೇಬರು ತಿರುಗಿದರು. "ಈ ಹೆಂಗಸು ಬದುಕಿದ್ದಾರಾ?"

ಇಷ್ಟು ವರ್ಷ ದಿನವೂ ಬೆಳಿಗ್ಗೆ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು. "ಹಾಜರಿದ್ದಾರೆ ಸರ್. ಹೊರಗೆ ಬೆಂಚಿನ ಮೇಲೆ."

ಕರೆಯುವ ಮೊದಲೇ ಗಿರಿಜಕ್ಕ ಬಾಗಿಲಿಗೆ ಬಂದಿದ್ದರು. "ನಾನೇ ಸ್ವಾಮಿ ಅದ್ರೊಳಗಿರೋದು. ನೀವು ಹೇಳಿದ ಹಾಗೆ ರೈಟ್ರು ರೀಲು ಬಿಡ್ಲಿಲ್ಲ, ತಂದೇ ಕೊಟ್ಟಿದ್ದಾರೆ."

ಪಕ್ಕದ ಮೇಜಿನವರು ಮತ್ತೆ ನಕ್ಕರು. ಈ ಸಲ ನಾನೂ ನಕ್ಕೆ. ಸಾಹೇಬರು ಕುರ್ಚಿ ಎಳೆದು ಗಿರಿಜಕ್ಕನಿಗೆ ಕೊಟ್ಟರು, ತಾವು ನಿಂತುಕೊಂಡೇ ಬರೆದರು.

ಎರಡನೆಯ ಬೇಸಿಗೆಯಲ್ಲಿ ಸೇತುವೆ ಆಯಿತು. ಕಾಂಕ್ರೀಟಿನ ಕಂಬ, ಎರಡೂ ಬದಿಗೆ ಕಬ್ಬಿಣದ ಕಟಕಟೆ, ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಅಗಲ. ಮುಂದಿನ ಜುಲೈಯಲ್ಲಿ ಹಳ್ಳ ಅದರ ಕೆಳಗೆ ಎಷ್ಟು ಕೂಗಿದರೂ ನನ್ನ ಪುಸ್ತಕದಲ್ಲಿ ಹನ್ನೊಂದು ಮನೆಯವರ ಎದುರಿಗೆ ಗೆರೆಗಳೇ ಬಿದ್ದವು. ಅಷ್ಟು ಚಂದದ ಪುಟ ನಾನು ಬೇರೆ ಬರೆದಿಲ್ಲ.

ಈಗ ಹೊಸದಾಗಿ ಕ್ಯಾಮೆರಾ ಹಿಡಿಯುವವರು ರೀಲೋ ಡಿಜಿಟಲ್ಲೋ ಎಂದು ನನ್ನನ್ನು ಕೇಳುವುದುಂಟು. ಯಾವುದಾದರೂ ಸರಿ, ಮೂಲೆಯನ್ನು ನೋಡಿ ಎನ್ನುತ್ತೇನೆ. ಒಂದರ ಮೂಲೆಯಲ್ಲಿ ಗುಂಡಿ ಇರುತ್ತದೆ, ಇನ್ನೊಂದರ ಮೂಲೆಯಲ್ಲಿ ತಾರೀಖು. ಅವರಿಗೆ ಇದು ಉತ್ತರದ ಹಾಗೆ ಕೇಳಿಸುವುದಿಲ್ಲ. ಡಬ್ಬಿಗಳು ಅಂದು ಅದಲುಬದಲಾದದ್ದು ಹಾಗೇ ಉಳಿಯಿತು. ಸುಣ್ಣದ್ದು ನನ್ನ ಖಾನೆಯಲ್ಲಿದೆ. ರೀಲಿದ್ದದ್ದನ್ನು ಗಿರಿಜಕ್ಕ ಸುಣ್ಣಕ್ಕೆ ಇಟ್ಟುಕೊಂಡರು.

ಸೇತುವೆಯ ಮೇಲೆ ಮೊದಲು ನಡೆದ ದಿನ ಆಲ್ದೂರಿನಿಂದ ಪ್ರಸನ್ನನೂ ಬಂದಿದ್ದ. ಅವನ ಡಿಜಿಟಲ್‌ನಲ್ಲಿ ಅಂದು ತೆಗೆದ ಬಣ್ಣದ ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು, ತಾರೀಖೂ ಸರಿಯಿತ್ತು. ಹಳ್ಳದಾಚೆಯವರು ಒಬ್ಬೊಬ್ಬರಾಗಿ ದಾಟಿ ಬಂದರು. ಕೊನೆಯಲ್ಲಿ ಗಿರಿಜಕ್ಕ. ನಡುಸೇತುವೆ ದಾಟಿ, ಈಚೆ ದಡಕ್ಕೆ ಮೂರು ಹೆಜ್ಜೆ ಇರುವಾಗ ನಿಂತರು. ಕಟಕಟೆಗೆ ಒರಗಿದರು. ಸಂಚಿ ಬಿಚ್ಚಿ ಎಲೆ ತೆಗೆದರು, ಕಪ್ಪು ಡಬ್ಬಿ ತೆಗೆದರು, ನಿಧಾನವಾಗಿ ಸುಣ್ಣ ಹಚ್ಚಿದರು, ಮಡಿಸಿ ಬಾಯಿಗಿಟ್ಟು ಕೆಳಗಿನ ನೀರನ್ನು ನೋಡುತ್ತಾ ಜಗಿಯತೊಡಗಿದರು. ದಡದಲ್ಲಿ ಎಲ್ಲರೂ ಕಾಯುತ್ತಿದ್ದರು. ಅವರಿಗೆ ಯಾವ ಅವಸರವೂ ಇರಲಿಲ್ಲ.

ನಾನು ಒನಕೆಯನ್ನು ಕಣ್ಣಿಗೆ ಎತ್ತಿದೆ, ಒತ್ತಿದೆ.

"ಭಾವ," ಪಕ್ಕದಿಂದ ಪ್ರಸನ್ನ ಕೇಳಿದ, "ಈ ಸಲವಾದ್ರೂ ಒಳಗೆ ಏನಾದ್ರೂ ಓಡ್ತಿದೆಯಾ?"

ಅವನ ಮೂಗಿನ ಕೆಳಗೆ ಕ್ಯಾಮೆರಾ ಹಿಡಿದು ಲಿವರ್ ಎಳೆದೆ. ಎಡಗಡೆಯ ಗುಂಡಿ ತಿರುಗಿತು.